ಬರ್ತೀವಿ ಅನ್ನಬಾರದ ಮನೆ

ಆಸ್ಪತ್ರೆಯ ಸುತ್ತಮುತ್ತ ಬಾಡಿಗೆ ಕೋಣೆ ಕಟ್ಟಿಸಿದವರು ಯಾರೂ ಅದರಲ್ಲಿ ಒಂದು ದಿನವೂ ಮಲಗಿ ನೋಡಿದವರಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ನಾನು ಬಟ್ಟೆ ಹೊಲಿಯುವವಳು. ಕಣ್ಣಳತೆಯಲ್ಲೇ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಗೊತ್ತಾಗುತ್ತದೆ. ಕೋಣೆ ಹುಡುಕಲು ಹೊರಟ ಆ ಬೆಳಿಗ್ಗೆ ನೋಡಿದ್ದೆಲ್ಲ ಬಿಗಿಯೇ.

ಅಕ್ಕನಿಗೆ ರಕ್ತದ ಕಾಯಿಲೆ. ನಮ್ಮ ಊರಿನಲ್ಲಿ ಅದಕ್ಕೆ ಚಿಕಿತ್ಸೆ ಇರಲಿಲ್ಲ. "ದಿನಾ ಬಂದು ಹೋಗ್ಬೇಕು. ಜ್ವರ ಬಂದ್ರೆ ತಕ್ಷಣ ಕರ್ಕೊಂಡು ಬರ್ಬೇಕು. ಹತ್ತಿರದಲ್ಲೇ ಇರಿ" ಎಂದು ಇಲ್ಲಿಯ ಡಾಕ್ಟರು ಹೇಳಿದ್ದರಿಂದ ಈ ಪಟ್ಟಣದಾಚೆ ಚಿಕ್ಕಮ್ಮನ ಮನೆಯಲ್ಲಿ ಉಳಿಯುವ ಮಾತು ಅಲ್ಲಿಗೇ ಮುಗಿಯಿತು. ನಿಜ ಹೇಳಬೇಕೆಂದರೆ ಅದು ಹಿಂದಿನ ದಿನವೇ ಮುಗಿದಿತ್ತು. "ನಿಮ್ಮದೇ ಮನೆ ಅಂದ್ಕೊಳ್ಳಿ" ಎನ್ನುತ್ತಲೇ ಚಿಕ್ಕಮ್ಮ ಅಕ್ಕ ನೀರು ಕುಡಿದ ಲೋಟವನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಹೋಗಿ ಬೇರೆ ಇಟ್ಟಿದ್ದಳು.

"ಇದು ಅಂಟೋ ಕಾಯಿಲೆ ಅಲ್ಲ ಚಿಕ್ಕಮ್ಮ" ಎಂದಳು ಅಕ್ಕ. "ಅಂಟೋ ಹಾಗಿದ್ರೆ ಮೊದಲು ಇವಳಿಗೆ ಅಂಟಿಸ್ತಿದ್ದೆ. ಚಿಕ್ಕಂದಿನಿಂದ ನನ್ನ ಪೆನ್ಸಿಲು ಕದ್ದಿದ್ದಾಳೆ."

ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಕಿಟಕಿಯೇ ಇರಲಿಲ್ಲ. ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮ್ಯಾನೇಜರು ಗೋಡೆಗೆ ಅಂಟಿಸಿದ್ದ ಸಮುದ್ರದ ಚಿತ್ರ ತೋರಿಸಿದ. ಅಕ್ಕ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಹಿಂದಿನ ಬೀದಿಯಲ್ಲಿ ಒಬ್ಬಾಕೆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು; ಖಾಲಿ ಇದ್ದದ್ದು ಹಿಂಭಾಗದ್ದು. ಸೊಂಟದಲ್ಲಿ ಕೀಲಿಗೊಂಚಲು, ಹೆಜ್ಜೆ ಇಟ್ಟರೆ ಸದ್ದು. ಆ ಕ್ಷಣವೇ ಅಕ್ಕ ಆಕೆಗೆ ಕೀಲಿಯಮ್ಮ ಎಂದು ಹೆಸರಿಟ್ಟಳು. ಕೋಣೆ ಚೊಕ್ಕಟವಾಗಿತ್ತು. ಪ್ರತ್ಯೇಕ ಬಚ್ಚಲು, ಅಡುಗೆಗೆ ಸಣ್ಣ ಒಲೆ. "ಕಿಟಕೀನೂ ಇದೆ" ಎಂದು ಹೆಮ್ಮೆಯಿಂದ ತೆರೆದಳು. ಆಚೆ ಪಕ್ಕದ ಮನೆಯ ಗೋಡೆ. ಕೈ ಚಾಚುವುದೂ ಬೇಡ, ಬೆರಳು ಚಾಚಿದರೆ ಸಿಗುತ್ತಿತ್ತು. ನಾನು ಮೂಗು ಮುರಿದೆ. ಇನ್ನೆರಡು ಕಡೆ ನೋಡೋಣ ಎಂದು ಗೇಟಿನ ಹತ್ತಿರ ಬಂದು, "ಹೋಗಿ ಬರ್ತೀವಮ್ಮ" ಎಂದೆ.

ಕೀಲಿಗಳ ಸದ್ದು ನಿಂತಿತು. "ಇಲ್ಲಿ ಹಾಗನ್ನಬಾರ್ದು ಮಗಳೇ. ಈ ಮನೆಗೆ ಬರೋರೆಲ್ಲ ಕಾಯಿಲೆ ಹೊತ್ಕೊಂಡು ಬರೋರು. ಮತ್ತೆ ಬರೋ ಹಾಗಾಗ್ಬಾರ್ದು. ಹೋಗ್ತೀವಿ ಅನ್ನು."

ಇದು ನಾನು ಕಲಿತದ್ದಕ್ಕೆ ತಿರುಗುಮುರುಗು. ನಮ್ಮ ಮನೆಯಲ್ಲಿ ಹೊರಡುವಾಗ ಬರೀ 'ಹೋಗ್ತೀನಿ' ಅಂದರೆ ಅಮ್ಮ ಬಾಯಿಯ ಮೇಲೆ ಬಾರಿಸುತ್ತಿದ್ದಳು. ಅಕ್ಕನಿಗೆ ಮಾತ್ರ ಖುಷಿಯೋ ಖುಷಿ. ಅವಳು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವಳು. ಮದುವೆ ಮನೆಗೆ ಹೋದರೂ ಬಾಗಿಲಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದೆಯೇ ಎಂದು ನೋಡಿಯೇ ಒಳಗೆ ಕಾಲಿಡುವ ಪೈಕಿ. "ಎಷ್ಟು ತಿದ್ದಿದ್ದೀನಿ, ಇಂಥ ತಿದ್ದುಪಡಿ ನೋಡಿರಲಿಲ್ಲ ಕಣೇ" ಎಂದು ದಾರಿಯುದ್ದಕ್ಕೂ ನಗುತ್ತಿದ್ದಳು.

ಉಳಿದೆರಡು ಕೋಣೆಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು. ಮಧ್ಯಾಹ್ನದ ಊಟಕ್ಕೆ ಮೊದಲೇ ಪೆಟ್ಟಿಗೆ ಹೊತ್ತುಕೊಂಡು ಕೀಲಿಯಮ್ಮನ ಗೇಟಿಗೆ ವಾಪಸ್ಸು ಬಂದೆವು. "ಬರ್ತೀವಿ ಅಂದ್ಯಲ್ಲ, ಬಂದೇಬಿಟ್ಟೆ ನೋಡು" ಎಂದಳು ಆಕೆ. ತಮಾಷೆಗೇ ಹೇಳಿದ್ದು. ಆದರೂ ನನ್ನ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು.

ಔಷಧಿ ಶುರುವಾದ ಮೇಲೆ ಸೋಂಕಿನ ಭಯಕ್ಕೆ ಅಕ್ಕ ಜನರ ಮಧ್ಯೆ ಓಡಾಡುವಂತಿರಲಿಲ್ಲ. ಅವಳು ಒಳಗಿದ್ದರೆ ನಾನೂ ಒಳಗೆ. ತರಕಾರಿಗೆ ಹೋದರೂ ಹಿಂದೆ ಯಾರೋ ಸೆರಗು ಹಿಡಿದು ಜಗ್ಗಿದಂತೆ ಅರ್ಧ ಚೀಲಕ್ಕೇ ವಾಪಸ್ಸು ಓಡಿ ಬರುತ್ತಿದ್ದೆ. ಆಸ್ಪತ್ರೆ, ಕೋಣೆ, ಆ ಗೋಡೆ. ಗೋಡೆಯ ಗಾರೆಯಲ್ಲಿ ಎಲ್ಲಿ ಬಿರುಕು, ಎಲ್ಲಿ ತೇಪೆ ಎಲ್ಲ ಬಾಯಿಪಾಠವಾಗಿತ್ತು. ಅಕ್ಕನ ಮೇಲೆ ಸಿಟ್ಟು ಬರುತ್ತಿತ್ತು. ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿದವಳ ಮೇಲೆ ಸಿಟ್ಟು ಮಾಡಿಕೊಳ್ಳುವ ನನ್ನ ಮೇಲೆ ಇನ್ನೂ ಸಿಟ್ಟು ಬರುತ್ತಿತ್ತು.

"ನೀನು ಊರಿಗೆ ಹೋಗೇ. ಅಂಗಡಿ ಬಾಗಿಲು ಹಾಕಿ ಎಷ್ಟು ದಿನ ಕೂತಿರ್ತೀಯ?"

"ಸುಮ್ನೆ ಗಂಜಿ ಕುಡಿ. ಹೋದ್ರೆ ಇಬ್ರೂ ಒಟ್ಟಿಗೇ ಹೋಗೋದು."

"ಅರಚ್ಬೇಡ. ಪಾಪ, ಗೋಡೆ ಬೆದರುತ್ತೆ."

ಮನೆಯ ಮುಂಭಾಗದ ಕೋಣೆಗಳ ರೋಗಿಗಳು ಗುಣವಾಗಿ ಹೊರಟಾಗಲೆಲ್ಲ ನಾನು ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದೆ. "ಹೋಗ್ತೀವಮ್ಮ" ಎನ್ನುವರು. "ಹೋಗಿ, ಇನ್ನು ಈ ಕಡೆ ತಲೆ ಹಾಕ್ಬೇಡಿ" ಎಂದು ಕೀಲಿಯಮ್ಮ ಗದರುವಳು. ಅದು ಆಶೀರ್ವಾದ. ಆ ಬೈಗುಳಕ್ಕಾಗಿ ನಾನು ಹಂಬಲಿಸಿದಷ್ಟು ಇನ್ನಾವುದಕ್ಕೂ ಹಂಬಲಿಸಿದವಳಲ್ಲ. ಒಲೆಯ ಮುಂದೆ ನಿಂತು 'ಹೋಗ್ತೀವಮ್ಮ, ಹೋಗ್ತೀವಮ್ಮ' ಎಂದು ಬಾಯಲ್ಲೇ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೆ. ಮೊದಲ ದಿನದ ನನ್ನ ಮಾತೇ ನಮ್ಮನ್ನು ಇಲ್ಲಿ ಕಟ್ಟಿಹಾಕಿದೆ ಎಂಬ ಹೆದರಿಕೆ ನನಗೆ. ಅಕ್ಕನಿಗೆ ಅದನ್ನು ಹೇಳಿರಲಿಲ್ಲ.

ಕೊನೆಗೂ ಔಷಧಿಯ ಸರದಿ ಮುಗಿಯಿತು. ರಿಪೋರ್ಟು ಬಂದ ದಿನ ನಾನು ಮಾತ್ರೆ ಕೊಳ್ಳುವ ಸಾಲಿನಲ್ಲಿದ್ದೆ. ಡಾಕ್ಟರ ಕೋಣೆಗೆ ಅಕ್ಕ ಒಬ್ಬಳೇ ಹೋಗಿ ಬಂದಳು. "ಊರಿಗೆ ಹೋಗ್ಬಹುದಂತೆ ಕಣೇ" ಎಂದಳು. ಅಷ್ಟೇ ಸಾಕಾಯಿತು ನನಗೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೆಟ್ಟಿಗೆ ತುಂಬಿದೆ, ಒಲೆ ತೊಳೆದೆ, ಆ ಗೋಡೆಗೆ ಬೆರಳು ಚಾಚಿ ಒಮ್ಮೆ ಕುಟ್ಟಿ ಕಿಟಕಿ ಮುಚ್ಚಿದೆ. ಅಕ್ಕ ಮಂಚದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

ಟ್ಯಾಕ್ಸಿ ಬಂತು. ಕೀಲಿಯಮ್ಮ ಗೇಟು ಹಿಡಿದು ನಿಂತಿದ್ದಳು. ನಾನು ಎದೆ ತುಂಬ ಉಸಿರೆಳೆದುಕೊಂಡು, ಎಷ್ಟೋ ಸಲ ರೂಢಿ ಮಾಡಿದ್ದ ಮಾತನ್ನು ಸ್ಪಷ್ಟವಾಗಿ ಹೇಳಿದೆ: "ಹೋಗ್ತೀವಮ್ಮ."

ಬೈಗುಳಕ್ಕೆ ಆಕೆ ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದಿನಿಂದ ಅಕ್ಕ ಹೇಳಿದಳು: "ಹೋಗಿ ಬರ್ತೀವಮ್ಮ."

"ಅಕ್ಕಾ, ಹಾಗಲ್ವೇ!" ಎಂದು ಗದರಿಸಿದೆ. ಗದರಿಸುತ್ತಿದ್ದಂತೆಯೇ ನನಗೆ ಹೊಳೆಯಿತು. ಅಕ್ಕ ಮಾತಿನಲ್ಲಿ ತಪ್ಪು ಮಾಡುವವಳಲ್ಲ. ಇನ್ನೊಬ್ಬರ ತಪ್ಪನ್ನು ತಿದ್ದುವವಳು.

"ಔಷಧಿ ನಾಟಿಲ್ವಂತೆ" ಎಂದಳು ಅಕ್ಕ. "ಬೇರೆ ಔಷಧಿ ಶುರು ಮಾಡ್ಬೇಕಂತೆ. ಅದಕ್ಕೆ ಮೊದಲು ಒಂದ್ಸಲ ಮನೆ ನೋಡ್ಕೊಂಡು ಬನ್ನಿ ಅಂದ್ರು ಡಾಕ್ಟ್ರು." ನನ್ನ ಕೈಯಿಂದ ಚೀಲ ತೆಗೆದುಕೊಂಡಳು. "ಹೀಗಾಗಿದ್ದು ನೀನು ಅವತ್ತು ಬರ್ತೀವಿ ಅಂದಿದ್ದಕ್ಕಲ್ಲ ಕಣೇ. ಒಲೆ ಮುಂದೆ ನೀನು ಗೊಣಗೋದು ನನಗೆ ಕೇಳಿಸ್ತಿತ್ತು."

ಕೀಲಿಯಮ್ಮ ಬೈಯಲಿಲ್ಲ. ಗೊಂಚಲಿನಿಂದ ಹಿಂಭಾಗದ ಕೋಣೆಯ ಕೀಲಿ ಬಿಡಿಸಿ ಅಕ್ಕನ ಕಡೆ ನೋಡಿದಳು. ಆಮೇಲೆ ನನ್ನ ಅಂಗೈ ಎಳೆದು ಅದರಲ್ಲಿಟ್ಟು ಬೆರಳು ಮಡಿಸಿದಳು.

"ಹೋಗಿ ಬಾ ಮಗಳೇ" ಎಂದಳು.