ಬಿಳಿ ಅಕ್ಕಿ ತಿಂದ ಗೌರಿ

ಗೌರಿ ಎದ್ದು ನಿಲ್ಲದೆ ಎರಡು ದಿನವಾಗಿತ್ತು. ರೆಕ್ಕೆ ಬಡಿದು, ಒಂದು ಹೆಜ್ಜೆ ಇಟ್ಟು, ಎದೆಯೂರಿ ಕೂತುಬಿಡುತ್ತಿತ್ತು. ಅದರ ಜೋಡಿ ಬಾತುಕೋಳಿ ಗುಂಡ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮನೆ ಮಾಲೀಕರು ಪರಮಶಿವಯ್ಯನವರೇ ಏನೋ ಹಾಕಿದ್ದಾರೆ ಎಂದು ತೀರ್ಮಾನಿಸಿದೆ.

ಶಂಕರಪುರದಲ್ಲಿ ಅವರ ಹಿತ್ತಲ ಕೋಣೆಗೆ ನಾನು ಬಾಡಿಗೆದಾರ. ಬಾತುಕೋಳಿ ಸಾಕಲು ಒಪ್ಪಿದಾಗ ಅವರ ಷರತ್ತು ಒಂದೇ: ಮೊಟ್ಟೆ ತಮ್ಮ ಹೊಸಿಲು ದಾಟಬಾರದು. ಆಮೇಲೆ ದಿನಾ ಬೆಳಗ್ಗೆ ವಿಭೂತಿ ಧರಿಸಿ, ಪೊರಕೆ ಹಿಡಿದು, ಹಿಕ್ಕೆ ಗುಡಿಸುತ್ತಾ ಗೊಣಗುವುದು.

"ಏನ್ ಹಾಕಿದ್ರಿ ಗೌರಿಗೆ?" ಅವರ ಬಾಗಿಲಿಗೇ ಹೋಗಿ ಕೂಗಿದೆ.

"ಬೈಗುಳ ಹಾಕಿದೀನಿ ಕಣಯ್ಯ. ಇನ್ನೇನೂ ಹಾಕಿಲ್ಲ."

"ಇವು ಇಲ್ಲಿರೋದೇ ನಿಮಗಿಷ್ಟ ಇಲ್ಲ."

"ಇಲ್ಲ, ಏನೀಗ? ಮೂರು ವಾರದಿಂದ ಹಿಕ್ಕೆ ನೀರ್ ನೀರಾಗಿ, ಹಸಿರಾಗಿ ಬೀಳ್ತಿದೆ. ಗುಡಿಸೋಕೇ ಬರ್ತಿಲ್ಲ, ತೊಳೀಬೇಕು. ದಿನಾ ಹೇಳ್ತಿದ್ದೆ. ಕೇಳಿಸ್ಕೊಂಡ್ಯಾ?"

ಕೇಳಿಸಿಕೊಂಡಿದ್ದೆ. ಗೊಣಗಾಟ ಅಂದುಕೊಂಡಿದ್ದೆ. ಅವರೇ ಬಾಳೆಎಲೆಯ ತುಂಡಲ್ಲಿ ಹಿಕ್ಕೆ ಎತ್ತಿ, ಕವರಿಗೆ ಹಾಕಿ ನನ್ನ ಕೈಗಿಟ್ಟರು. "ಜಗಳ ಆಮೇಲಾಡು. ಡಾಕ್ಟರ್ ಹತ್ರ ಹೋಗು."

ಚಾಮರಾಜಪೇಟೆಯ ಪಶುವೈದ್ಯೆ ಆರಾಧನಾ ಮೇಡಂ ಹಿಕ್ಕೆ ನೋಡಿದರು, ಗೌರಿಯ ಕಾಲು ಮಡಿಸಿ ಬಿಡಿಸಿದರು. "ಏನ್ ತಿನ್ನಿಸ್ತೀರಾ?"

"ಸೋನಾ ಮಸೂರಿ ಮೇಡಂ. ಹಾಲಿನ ಥರ ಬಿಳಿ. ಬೇರೇನೂ ಮುಟ್ಟಿಸಲ್ಲ."

"ಅದೇ ತೊಂದ್ರೆ ಕಣ್ರೀ. ಬರೀ ಪಾಲಿಶ್ ಅಕ್ಕಿ ತಿಂದ್ರೆ ಬಾತುಕೋಳಿ ಕಾಲು ಸೋತುಹೋಗುತ್ತೆ, ಮೊಟ್ಟೆ ಇಡೋದಕ್ಕೆ ಇನ್ನೂ ಬೇಗ. ಬೇಕಾದ ವಿಟಮಿನ್ ಎಲ್ಲಾ ತೌಡಿನ ಜೊತೆ ಹೋಗಿರುತ್ತಲ್ಲ. ತೌಡು, ಸೊಪ್ಪು, ನೆನೆಸಿದ ಕಾಳು ಕೊಡಿ. ಈ ಪುಡಿ ನೀರಿಗೆ ಬೆರೆಸಿ. ಇನ್ನೂ ತಡ ಮಾಡಿದ್ರೆ ಕಾಲು ಸೊಟ್ಟಗೇ ಉಳೀತಿತ್ತು."

ತೌಡು! ಅಕ್ಕಿಪೇಟೆಯ ಮಂಡಿಯಲ್ಲಿ ನಾನು ಹೊರುವುದೇ ಅಕ್ಕಿ ಮೂಟೆ, ತೌಡಿನ ಮೂಟೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು "ನಿನ್ನ ತಲೇಲಿ ಬರೀ ತೌಡು" ಅಂದ ದಿನ ಸ್ಕೂಲು ಬಿಟ್ಟವನು ನಾನು. ದಿನಾ ಕೆಲಸ ಮುಗಿಸಿ ಹೊರಡುವಾಗ ಒಂದು ಕಣ ತೌಡೂ ಉಳಿಯದಂತೆ ಅಂಗಿ ಕೊಡವುತ್ತಿದ್ದೆ. ದನ ತಿನ್ನುವುದನ್ನು ನನ್ನ ಗೌರಿ ತಿನ್ನಬಾರದೆಂದು ಬಿಳಿ ಅಕ್ಕಿಯನ್ನೇ ಹುಡುಕಿ ತರುತ್ತಿದ್ದೆ. ಆ ಮೇಷ್ಟ್ರ ಮುಖ ಈಗ ನೆನಪಿಲ್ಲ. ಅವರ ಮೇಲಿನ ಸಿಟ್ಟು ಮಾತ್ರ ಹತ್ತು ವರ್ಷ ಉಳಿದು, ಕೊನೆಗೆ ಹೋಗಿ ಕೂತದ್ದು ಒಂದು ಬಾತುಕೋಳಿಯ ಕಾಲಲ್ಲಿ.

ತೌಡು ತಿನ್ನಿಸಲು ಶುರುಮಾಡಿದ ಒಂಬತ್ತನೇ ದಿನ ಬೆಳಗ್ಗೆ ಹಿತ್ತಲಿಂದ ಕೂಗು: "ಲೋಹಿತಾ, ಬೇಗ ಬಾರೋ!"

ಓಡಿದೆ. ಗೌರಿ ತೂಗಾಡುತ್ತಾ ನಿಂತಿತ್ತು. ಪರಮಶಿವಯ್ಯನವರು ಮಾತ್ರ ನೆಲ ನೋಡುತ್ತಿದ್ದರು. ಗಟ್ಟಿಯಾದ ಕಂದು ಹಿಕ್ಕೆ, ಮೇಲೊಂದು ಬಿಳಿ ಬೊಟ್ಟು.

"ನೋಡೋ, ಪೊರಕೆಗೆ ಸಿಗುತ್ತೆ!"

ತಪ್ಪಾಯ್ತು ಅನ್ನುವ ಬದಲು ಪೊರಕೆಗೆ ಕೈ ಚಾಚಿದೆ.

"ತಗೋ. ಇನ್ಮೇಲೆ ನೀನೇ ಗುಡಿಸು. ಆದ್ರೆ ಗುಡಿಸೋ ಮುಂಚೆ ಬಗ್ಗಿ ನೋಡು."

ಬಗ್ಗಿದೆ. ಕೊಡವದೆ ಬಿಟ್ಟಿದ್ದ ನಿನ್ನೆಯ ಅಂಗಿಯಿಂದ ತೌಡು ಉದುರಿತು. ಗುಂಡ ಓಡಿಬಂತು, ಅದರ ಹಿಂದೆ, ನಿಧಾನವಾಗಿ, ಗೌರಿ.