ಗೋಡೆಯ ಮೇಲಿನ ಮೀಸೆ

ಗೋಡೆಯ ಮೇಲೆ ನನ್ನ ಅಕ್ಕನಿಗೆ ಮೀಸೆ ಬಂದಿತ್ತು.

ಕಾಲು ಅವಳದೇ. ಸೊಂಟದ ಕಾಚ, ಎಡಮೊಣಕಾಲಿನ ಸುಟ್ಟ ಕಲೆ, ತೋಳಿಗೆ ಅಜ್ಜಿ ಕಟ್ಟಿದ ತೊಗಲಿನ ತಾಯಿತಗಳು, ಎಲ್ಲ ಅವಳವೇ. ಕುತ್ತಿಗೆಯಿಂದ ಮೇಲೆ ಯಾವನೋ ಗಂಡಸು.

ಅಕ್ಕ ಡಿಬೋರ್ ಕುಸ್ತಿಯವಳು. ಫಾತಿಕ್ ಕಡೆಯ ನಮ್ಮೂರಿನಲ್ಲಿ ಸಜ್ಜೆ ಕೊಯ್ಲು ಮುಗಿದ ಮೇಲೆ ಹೆಂಗಸರೂ ಕುಸ್ತಿ ಹಿಡಿಯುತ್ತಾರೆ. ಅವಳನ್ನು ಈವರೆಗೆ ಯಾರೂ ಕೆಡವಿಲ್ಲ. ಅವಳ ಫೋಟೋ ನೋಡಿ ರಾಜಧಾನಿ ಡಾಕರ್‌ನ ಪಿಕೀನ್‌ನಲ್ಲಿ ಯಾರೋ ಗೋಡೆ ತುಂಬ ಅವಳನ್ನೇ ಬರೆದಿದ್ದಾರೆಂದು ಚಿಕ್ಕಪ್ಪನ ಮಗ ಫೋನಿಗೆ ಚಿತ್ರ ಕಳಿಸಿದ್ದ. ಅದನ್ನು ನೋಡಿದ ಮೇಲೆ, ಮನೆಯವರು ಕುಸ್ತಿ ಬಿಡಿಸಿದ್ದ ಹುಡುಗಿಯರು ಮತ್ತೆ ಅಕ್ಕನ ಹತ್ತಿರ ಪಟ್ಟು ಕಲಿಯಲು ಬಂದಿದ್ದರು. ಆ ಗೋಡೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬರುತ್ತೇನೆಂದು ಅವರಿಗೆ ಮಾತು ಕೊಟ್ಟು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದ್ದಳು.

ಬೆಳಗಿನಿಂದ ಗೋಡೆಗಳನ್ನೇ ನೋಡುತ್ತ ಬಂದಿದ್ದೆವು. ಸೊಳ್ಳೆಪರದೆಯೊಳಗೆ ನಗುವ ಕುಟುಂಬ, ಮೂತಿಗೆ ಕಣ್ಣಿರುವ ದೋಣಿ, ಶಾಲೆಯ ಕಾಂಪೌಂಡಿನ ಉದ್ದಕ್ಕೂ ಒಂದು ಮೊಸಳೆ, ಅದರ ಬಾಲದ ಕೆಳಗೆ ‘ಇಲ್ಲಿ ಉಚ್ಚೆ ಹೊಯ್ಯಬಾರದು’, ಅದರ ಕೆಳಗೆ ಹೊಯ್ದ ಗುರುತು. ಅಕ್ಕ ಪ್ರತಿಯೊಂದರ ಮುಂದೂ ನಿಂತು ನಕ್ಕಿದ್ದಳು. ತನ್ನದನ್ನು ಕೊನೆಗೆ ಉಳಿಸಿಕೊಂಡಿದ್ದಳು.

ಎದುರಿನ ಬೇವಿನ ಮರದ ಕೆಳಗೆ, ಕೈಯೆಲ್ಲ ಬಣ್ಣ ಮೆತ್ತಿಕೊಂಡವನೊಬ್ಬ ಚಹಾ ಕುದಿಸುತ್ತಿದ್ದ.

“ಇದನ್ನ ಬರೆದಿದ್ದು ನೀನಾ? ಹೆಸರೇನು?” ಅಂದಳು ಅಕ್ಕ.

“ಅಂಪಾ ಸಾಂಬೂ.”

ಸಾಂಬೂ ಅಂದರೆ ದಕ್ಷಿಣದ ಕಾಸಮಾನ್ಸ್ ಕಡೆಯ ಜೋಲಾ ಕುಲದವನು. ಅಕ್ಕನ ಭುಜ ಸಡಿಲವಾಯಿತು.

“ಅನ್ನಬಾಕ ಜೋಲಾ. ಹಂಗೇ ಅನ್ಕೊಂಡೆ. ನಾನು ಡಿಬೋರ್ ಎಂಗೋಮ್, ನಿನ್ನ ಒಡತಿ. ಎದ್ದು ನಿಂತ್ಕೊ.”

“ಓ, ಸೆರೇರ್ ರಾಣಿ ಬಂದ್ಳು. ಚಹಾ ಕುಡಿಯೋಕೆ ಬರುತ್ತಾ, ಇಲ್ಲಾ ನಿಮ್ಮೂರಲ್ಲಿ ಬರೀ ಸಜ್ಜೆ ಗಂಜಿನಾ?”

ನಮ್ಮ ಎರಡು ಕುಲಗಳ ಮೂಲತಾಯಂದಿರು ಅಕ್ಕತಂಗಿಯರು. ದೋಣಿ ಒಡೆದು ಒಬ್ಬೊಬ್ಬಳು ಒಂದೊಂದು ದಡ ಸೇರಿದರು. ಹಾಗಾಗಿ ನಾವು ಸೆರೇರರೂ ಆ ಜೋಲಾಗಳೂ ಏನು ಬೈದುಕೊಂಡರೂ ಸಿಟ್ಟಾಗುವಂತಿಲ್ಲ. ಎದುರು ನಿಂತು ಕೇಳಿದ್ದನ್ನು ಇಲ್ಲ ಅನ್ನುವಂತೆಯೂ ಇಲ್ಲ.

“ನನ್ನ ತಲೆ ಎಲ್ಲಿ?” ಅಂದಳು ಅಕ್ಕ.

ಅಂಪಾ ಆಗ ಅವಳ ಮುಖವನ್ನು ಸರಿಯಾಗಿ ನೋಡಿದ. ಚಹಾ ಉಕ್ಕಿ ಕೆಂಡದ ಮೇಲೆ ಸುರಿಯಿತು.

“ಗರಡಿ ಯಜಮಾನ ಗೋರ್ಗಿ ಸೆಕ್ ಬಿಡ್ಲಿಲ್ಲ. ನಮ್ ಗರಡಿ ಗೋಡೆ ಮೇಲೆ ಹೆಂಗಸಾ, ಅಳಿಸಿ ನಮ್ಮ ಪೈಲ್ವಾನ್ ಲಾಯ್‌ನ ಬರಿ ಅಂದ. ಮೈ ಚೆನ್ನಾಗಿ ಬಂದಿತ್ತು, ಅಳಿಸೋಕೆ ಮನಸ್ಸಾಗ್ಲಿಲ್ಲ. ತಲೆ ಮಾತ್ರ ಬದಲಾಯಿಸ್ದೆ.”

“ಮಾತ್ರ,” ಅಂದೆ ನಾನು.

“ನಿನ್ ತಂಗಿನೂ ಕಚ್ತಾಳೆ.”

“ಅವಳು ಮೆತ್ತಗಿರೋಳು. ಏಣಿ ತಗೊಂಡ್ ಬಾ. ನನ್ ತಲೆ ನಂಗೆ ವಾಪಸ್ ಕೊಡು.”

“ಗೋರ್ಗಿ ನನ್ ಚರ್ಮ ಸುಲೀತಾನೆ.”

“ಜೋಲಾ ಚರ್ಮ ಯಾರಿಗ್ ಬೇಕು? ಏಣಿ.”

ಬೈದುಕೊಳ್ಳುತ್ತಲೇ ಹೋಗಿ ಏಣಿ ತಂದ. ಅದನ್ನು ಗೋಡೆಗೆ ಒರಗಿಸಿದ ಸದ್ದಿಗೆ ಗರಡಿಯಿಂದ ಗೋರ್ಗಿ ಹೊರಬಂದ. ಹಿಂದೆಯೇ ಮೈಗೆಲ್ಲ ಮರಳು ಮೆತ್ತಿಕೊಂಡ ಪೈಲ್ವಾನರು. ಸೆಕ್ ಮನೆತನದವರ ಜೊತೆ ನಮಗೆ ಬೈದಾಡುವ ಆ ಸಲಿಗೆಯಿಲ್ಲ.

“ಏನಮ್ಮಾ, ಹೆಂಗಸ್ರಿಗೆ ಇಲ್ಲೇನು ಕೆಲಸ? ಗೋಡೆ ಮೇಲಿರೋನು ನಮ್ಮ ಹುಡುಗ.”

ಅಕ್ಕ ಸುತ್ತಿಕೊಂಡಿದ್ದ ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಕಾಲನ್ನು ಗೋಡೆಯ ಕಾಲಿನ ಪಕ್ಕ ಊರಿದಳು. ಗೋಡೆಯ ಕಾಲು ದೊಡ್ಡದು, ಕಲೆಯ ಆಕಾರ ಒಂದೇ. ಆಮೇಲೆ ತೋಳು ಸರಿಸಿ ತಾಯಿತಗಳನ್ನು ತೋರಿಸಿದಳು.

“ಯಾವ ಹುಡುಗ?”

ಪೈಲ್ವಾನರು ನಕ್ಕರು. ಗೋಡೆಯ ಮೀಸೆಯನ್ನೇ ಹೊತ್ತಿದ್ದ ಒಬ್ಬ ಮಾತ್ರ ನಗಲಿಲ್ಲ. ಲಾಯ್ ಅವನೇ ಇರಬೇಕು.

“ಯಜಮಾನ್ರೇ, ಆ ತಾಯಿತ ಅವನು ಸುಮ್ನೆ ಬರೆದಿದ್ದು ಅಂದ್ರಿ.”

“ಸುಮ್ನಿರೋ.”

“ಇನ್ನೊಬ್ರಿಗೆ ಕಟ್ಟಿದ್ದನ್ನ ನನ್ ಮೈಗೆ ಹಾಕ್ಸಿದ್ರಾ?” ಅಷ್ಟು ದೊಡ್ಡ ಮೈಯಿಂದ ಸಣ್ಣ ದನಿ ಬಂತು. “ಈ ಚಿತ್ರ ಬಂದ್ಮೇಲೆ ಹಿಡಿದ ಕುಸ್ತೀಲೆಲ್ಲ ಮಣ್ಣು ಮುಕ್ಕಿದೀನಿ.”

ಈಗ ಯಾರೂ ನಗಲಿಲ್ಲ. ಬೇರೆಯವರ ತಾಯಿತ ತೊಟ್ಟ ಪೈಲ್ವಾನ ಗೆಲ್ಲುವುದಿಲ್ಲ; ಅದರ ಬಗ್ಗೆ ಆ ಬೀದಿಯಲ್ಲಿ ವಾದವಿಲ್ಲ.

“ನನ್ ತಲೆ ತೆಗಿ,” ಅಂದ ಲಾಯ್ ಅಂಪಾನಿಗೆ. “ಈಗ್ಲೇ.”

“ಹಾಗಾದ್ರೆ ಪೂರ್ತಿ ಬಳೀರಿ,” ಅಂದ ಗೋರ್ಗಿ. “ಸುಣ್ಣ ತನ್ನಿ.”

ಬಕೆಟ್ ಬಂತು. ಕುಂಚ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಆ ತಾಯಿತಗಳ ಮೇಲೆ ಕೈಯಾಡಿಸುವ ಧೈರ್ಯ ಯಾವ ಪೈಲ್ವಾನನಿಗೂ ಇರಲಿಲ್ಲ. ಅಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಬಳೀರಿ ಯಜಮಾನ್ರೇ. ನನ್ನಿಂದಾನೇ ಶುರು ಮಾಡಿ.”

ಗೋರ್ಗಿ ಬಕೆಟ್ ಎತ್ತಿ ಎರಚಿಯೇಬಿಟ್ಟ. ಅರ್ಧ ಗೋಡೆಗೆ ಬಿತ್ತು, ಅರ್ಧ ಅಕ್ಕನ ಕೆನ್ನೆಗೆ, ಭುಜಕ್ಕೆ. ನಾನು ಒರೆಸಲು ಹೋದರೆ ಕೈ ತಳ್ಳಿದಳು.

“ಮುಗೀತಾ?” ಅಂದಳು.

ಲಾಯ್ ಖಾಲಿ ಬಕೆಟ್ಟನ್ನು ಯಜಮಾನನ ಕೈಯಿಂದ ತೆಗೆದು ನೆಲದ ಮೇಲಿಟ್ಟ. ಗೋರ್ಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಂಪಾ ಗೋಡೆಗೆ ಬಿದ್ದ ಸುಣ್ಣ ಒರೆಸಿ ಏಣಿ ಹತ್ತಿದ. ಮೊದಲು ಮೀಸೆ ಹೋಯಿತು.

“ಮೂಗು ಮುರಿದಿದ್ಯಲ್ಲ, ಸ್ವಲ್ಪ ನೆಟ್ಟಗೆ ಮಾಡ್ಲಾ?”

“ಇದ್ದಂಗೇ ಬರಿ. ಮುರಿದೋಳು ಇನ್ನೂ ಕುಂಟ್ತಿದಾಳೆ.”

“ನಗು?”

“ಬೇಡ.”

ಸಂಜೆ ನಮಾಜಿನ ಕೂಗು ಕೇಳುವ ಹೊತ್ತಿಗೆ ಮುಖ ಮುಗಿದಿತ್ತು. ಕೆನ್ನೆಯ ಮೇಲೆ ಸುಣ್ಣ ಒಣಗಿದ್ದ ಅಕ್ಕನನ್ನು ಅದರ ಕೆಳಗೆ ನಿಲ್ಲಿಸಿ ನಾನು ಫೋಟೋ ತೆಗೆದೆ. ಗರಡಿಯ ಕಿಟಕಿ ತೆರೆಯಿತು.

“ನಾಳೆ ನಾನೇ ಅಳಿಸ್ತೀನಿ,” ಅಂದ ಗೋರ್ಗಿ.

“ಅಳಿಸಿ. ನಮ್ಮೂರಿಂದ ದಿನಾ ಬಸ್ಸಿದೆ. ಮುಂದಿನ್ ಸಲ ಹುಡುಗೀರ್ನೂ ಕರ್ಕೊಂಡ್ ಬರ್ತೀನಿ. ಗೋಡೆ ಸಾಲ್ದಿದ್ರೆ ನಿಮ್ ಬಾಗಿಲಿದೆ.”

“ಅಷ್ಟೂ ಜನಕ್ಕೆ ಬಣ್ಣ ನಾನ್ ತರ್ಬೇಕಾ?” ಅಂದ ಅಂಪಾ ಏಣಿಯ ಮೇಲಿಂದ.

“ಮತ್ಯಾರು ತರ್ತಾರೆ, ಅನ್ನಬಾಕ?”