ಹೊರಗಾದವಳು ಕಿತ್ತ ಮಿಡಿಸೌತೆ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಗಟ್ಟಿಗಿತ್ತಿ ಅಂತ ಹೊಗಳುವುದು ಬೇಡ.

ಐಮಂಗಲದಿಂದ ಒಂದು ಹರದಾರಿ ಒಳಗೆ ನಮ್ಮ ಹಟ್ಟಿ. ಮನೆಯಲ್ಲಿ ನಾನು, ಗಂಡ ರಂಗಪ್ಪ, ಅತ್ತೆ ಈರಕ್ಕ. ತೊಂಬತ್ತಾರನೇ ಇಸವಿಗೆ ಮುಂಚೆ ಗಂಡಸರು ಕುರಿ ಹೊಡೆದುಕೊಂಡು ಹೋದರೆ ಏಳೆಂಟು ತಿಂಗಳು ಮುಖ ಕಾಣುತ್ತಿರಲಿಲ್ಲ. ನಾವು ಹೆಂಗಸರು ರಸ್ತೆ ಕೆಲಸಕ್ಕೆ ಜಲ್ಲಿ ಹೊರುತ್ತಿದ್ದೆವು. ಆಮೇಲೆ ಮಿಡಿಸೌತೆ ಬಂತು. ಹೆಬ್ಬೆರಳಿನಷ್ಟು ಕಾಯಿ, ನಾವ್ಯಾರೂ ತಿನ್ನುವುದಿಲ್ಲ. ಕಂಪನಿಯವರು ಉಪ್ಪುನೀರಿಗೆ ಹಾಕಿ ಹಡಗಿನಲ್ಲಿ ರಷ್ಯಾಕ್ಕೆ, ಜರ್ಮನಿಗೆ ಕಳಿಸುತ್ತಾರೆ. ಅಲ್ಲಿಯ ಜನ ಊಟಕ್ಕೆ ನಂಜಿಕೊಳ್ಳುತ್ತಾರಂತೆ. ಯಾವ ಪುಣ್ಯಾತ್ಮರೋ, ನಂಜಿಕೊಳ್ಳಲಿ! ಅವರ ನಾಲಿಗೆ ಚಪಲದಿಂದ ನಮ್ಮ ಹಟ್ಟಿಯಲ್ಲಿ ಎರಡು ಹೊತ್ತೂ ಒಲೆ ಉರಿಯತೊಡಗಿತು, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದರು. ನನ್ನ ಗಂಡ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲೇ ಉಳಿದ.

ಆದರೆ ಮಿಡಿಯನ್ನು ದಿನಾ ಕೀಳಬೇಕು. ಒಂದು ದಿನ ಬಿಟ್ಟರೆ ಊದಿಕೊಳ್ಳುತ್ತದೆ, ಆಮೇಲೆ ಕಂಪನಿ ಲಾರಿಯವನು ಮೂಸಿಯೂ ನೋಡುವುದಿಲ್ಲ. ಗಂಡಸರು ಕೀಳಲು ಹೋದರೆ ಕಾಯಿಯ ಜೊತೆ ಬಳ್ಳಿಯೂ ಬರುತ್ತದೆ, ಹಾಗಾಗಿ ಅದು ಹೆಂಗಸರದೇ ಕೆಲಸ. ಹೆಂಗಸೋ ತಿಂಗಳಿಗೆ ಐದು ದಿನ ಹೊರಗಾಗುತ್ತಾಳೆ. ನಮ್ಮಲ್ಲಿ ಹೊರಗಾಗುವುದೆಂದರೆ ಬರೀ ಮಾತಲ್ಲ. ಹಟ್ಟಿಯ ಬೇಲಿ ದಾಟಿ, ಬಗ್ಗಿ ನುಸುಳಬೇಕಾದ ಒಂದು ಗುಡ್ಲಿನಲ್ಲಿ ಬಿದ್ದಿರಬೇಕು. ಬಾಣಂತಿಯಾದರೆ ಹಸುಗೂಸಿನ ಸಮೇತ ಎರಡು ತಿಂಗಳು. ಮೈಲಿಗೆಯವಳ ನೆರಳು ಬಿದ್ದರೆ ಬಳ್ಳಿ ಕರಗುತ್ತದೆ, ಮುಟ್ಟಿದರೆ ದೇವರು ಕಣ್ಣು ಕೀಳುತ್ತಾನೆ ಅನ್ನುತ್ತಾರೆ. ನನ್ನ ಚೊಚ್ಚಲ ಕೂಸು ಆ ಗುಡ್ಲಿನಲ್ಲೇ ಮಳೆಗೆ ನೆನೆದು ಆರನೇ ದಿನಕ್ಕೆ ಹೋಯಿತು. ಆಗಲೂ ನಾನು ತುಟಿ ಬಿಚ್ಚಲಿಲ್ಲ. ಅಷ್ಟು ಹೆದರಿಕೆ.

ಕಂಪನಿಯ ಕಡೆಯಿಂದ ಹೊಲ ನೋಡಲು ಬರುತ್ತಿದ್ದ ಶಿವಕುಮಾರಪ್ಪ ಒಂದು ದಿನ ಬದುವಿನ ಮೇಲೆ ಕೂತು ಹೇಳಿದ್ದ: "ಮಾರಕ್ಕಾ, ಮುಟ್ಟಿದೋರು ಯಾರು ಅಂತ ಬಳ್ಳಿಗೆ ಹೆಂಗೆ ಗೊತ್ತಾಗ್ಬೇಕು? ದಿನಾ ಎಲೆ ತಿರುವಿ ನೋಡ್ರಿ. ಬೂಜು ಕಂಡ ಎಲೆ ಕಿತ್ತು ಸುಡ್ರಿ. ಐದು ದಿನ ಬಿಟ್ರೆ ಹೊಲಾನೇ ಹೋಗ್ತೈತೆ."

ಅತ್ತೆ ಎಲೆಯಡಿಕೆ ಉಗಿದು ಎದ್ದಳು. "ಪೇಟೆಯೋನು, ಅವ್ನೇನು ಬಲ್ಲ? ಬೂಜಲ್ಲ ಅದು, ದೇವ್ರ ಮುನಿಸು."

ಆ ಕಾರ್ತೀಕದಲ್ಲಿ ನಾನು ಹೊರಗಾದೆ. ಗುಡ್ಲಿನಿಂದ ನಮ್ಮ ಹೊಲ ಹತ್ತು ಮಾರು. ಅತ್ತೆಗೆ ನಡು ಬಗ್ಗದು, ಕೀಳಲು ಬೇರೆ ಹೆಂಗಸಿಲ್ಲ. ಎರಡನೇ ಬೆಳಗ್ಗೆ ಮಂಜಿನಲ್ಲಿ ಕಾಯಿಗಳು ಊದುತ್ತಿರುವುದನ್ನು ನೋಡಿ ನೋಡಿ ಹೊಟ್ಟೆ ಉರಿಯಿತು. ತೆವಳಿಕೊಂಡು ಹೋಗಿ ಮೊದಲನೆಯದನ್ನು ಕೀಳುವಾಗ ಕಣ್ಣು ಮುಚ್ಚಿಕೊಂಡೆ, ಕಣ್ಣು ಹೋಗುವುದಾದರೆ ಹೋಗುವುದು ನನಗೆ ಕಾಣದಿರಲಿ ಅಂತ. ತೆರೆದೆ. ಕಾಣುತ್ತಿತ್ತು! ಬುಟ್ಟಿ ತುಂಬಿಸಿ ಬದುವಿನ ಮೇಲಿಟ್ಟೆ. ರಂಗಪ್ಪ ಬಂದು ಬುಟ್ಟಿ ನೋಡಿದ, ನನ್ನನ್ನು ನೋಡಿದ, ಬೆವರು ಒರೆಸಿಕೊಂಡು ಹೊತ್ತುಕೊಂಡು ಹೋದ. ಎರಡು ಬೆಳೆ ಹೀಗೇ ಕಳೆದವು. ನಾಯಿ ಬೊಗಳಿದರೆ ದೇವರೇ ಬಂದನೆಂದು ಬಳ್ಳಿಯ ನಡುವೆ ಬೋರಲು ಬೀಳುತ್ತಿದ್ದೆ.

ಮರುವರ್ಷ ಪುಷ್ಯದ ಥಂಡಿಯಲ್ಲಿ ಹಟ್ಟಿಯ ಬಳ್ಳಿಗಳಿಗೆ ಬೂಜು ಬಿತ್ತು. ಅದೇ ಹೊತ್ತಿಗೆ, ಹೆರಿಗೆಗೆ ಬಂದಿದ್ದ ನನ್ನ ನಾದಿನಿ ಕಾಳಕ್ಕ ಗುಡ್ಲಿನಲ್ಲಿ ಹೆತ್ತಿದ್ದಳು. ಕೂಸಿಗೆ ಒಂಬತ್ತು ದಿನ, ಎದೆ ಗೊರಗೊರ ಅನ್ನುತ್ತಿತ್ತು. ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗೆ, ಮಧ್ಯಾಹ್ನ ಗುಡಿ ಮುಂದೆ ಎಲ್ಲರನ್ನೂ ಕೂರಿಸಿ ಪೂಜಾರಿ ಚಿತ್ರಲಿಂಗಪ್ಪ ತೀರ್ಮಾನ ಹೇಳಿದ.

"ಬಾಣಂತಿ ಗಾಳಿ ಬಡಿದು ಬಳ್ಳಿ ಕರಗ್ತಾ ಅವೆ. ಹೊತ್ತು ಮುಳುಗೋದ್ರೊಳಗೆ ಗುಡ್ಲು ಕಿತ್ತು ಹಳ್ಳದಾಚೆ ಹಾಕ್ರಿ."

ಹಳ್ಳದಾಚೆ ತೋಳ ತಿರುಗುವುದು ಕುರಿ ಕಾಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಗುಡ್ಲಿನಲ್ಲಿರುವುದು ಅವಳು ಹೆತ್ತ ಮಗಳು! ಅತ್ತೆ ಸೆರಗಿನ ತುದಿ ಕಚ್ಚಿಕೊಂಡು, "ದೇವ್ರು ಹೇಳಿದಂಗಾಗ್ಲಿ" ಅಂದಳು. ನನ್ನ ಕೂಸು ಸತ್ತ ದಿನವೂ ಇದೇ ಮಾತು ಅಂದಿದ್ದಳು. ಅದನ್ನು ಕೇಳಿದ್ದೇ ನನಗೆ ಏನಾಯಿತೋ, ಎದ್ದು ನಿಂತುಬಿಟ್ಟಿದ್ದೆ.

"ಪೂಜಾರಪ್ಪಾ, ಗುಡ್ಲಿಗೆ ಅಂಟ್ಕಂಡಿರೋದು ನಮ್ಮ ಹೊಲ. ಗಾಳಿ ಬಡಿಯಂಗಿದ್ರೆ ಮೊದ್ಲು ನಮ್ಮ ಬಳ್ಳಿ ಸಾಯ್ಬೇಕಿತ್ತು. ಹೋಗಿ ನೋಡ್ರಿ, ಅದೊಂದೇ ಹಸಿರಾಗೈತೆ."

"ಅದ್ಯಾಕಂತೆ?"

ರಂಗಪ್ಪ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ.

"ಯಾಕಂದ್ರೆ ಹೊರಗಾದಾಗ್ಲೂ ನಾನು ದಿನಾ ಹೊಲಕ್ಕೆ ಇಳಿದೀನಿ. ಬೂಜಿನ ಎಲೆ ಕಿತ್ತು ಸುಟ್ಟೀನಿ, ಕಾಯಿ ಕಿತ್ತೀನಿ. ಹೋದ ಬೆಳೆ ಕಾಯಿ ಹಡಗು ಹತ್ತಿ ಹೋಯ್ತು. ತಿಂದೋರು ಯಾರೂ ಸತ್ತಿಲ್ಲ, ಇನ್ನಷ್ಟು ಕಳಿಸ್ರಿ ಅಂತ ಕೇಳವ್ರೆ!"

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಪೂಜಾರಪ್ಪ ಕೋಲು ಕುಟ್ಟಿದ.

"ಲೇ, ನಿನ್ನ ಕಣ್ಣು ಇಂಗಿ ಹೋಗ್ತಾವೆ!"

"ಎರಡೂ ನೆಟ್ಟಗವೆ. ನಿಮ್ಮ ಮೂಗಿನ ಮೇಲಿನ ನರಹುಲಿ ಸೈತ ಕಾಣ್ತೈತೆ."

ಹೀಗಂದೆನೇ ಹೊರತು, ಓಡಿಹೋಗದ ಹಾಗೆ ಪಕ್ಕದವಳ ಸೆರಗು ಹಿಡಿದುಕೊಂಡಿದ್ದೆ.

"ಇವ್ಳನ್ನ ಹಟ್ಟಿಯಿಂದ ಹೊರಗೆ ಹಾಕ್ರಿ!"

"ಹಾಕ್ರಿ. ಹೊರಗಿರೋದು ನಮಗೇನು ಹೊಸದಾ?"

ಅಲ್ಲಿಂದ ನೇರ ಗುಡ್ಲಿಗೆ ಹೋದೆ. ಕಾಳಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಮೂಲೆಗೆ ಸರಿದಳು. "ಬ್ಯಾಡ ಅತ್ಗೆ, ಹಟ್ಟಿ ಒಳಗೆ ಹೋದ್ರೆ ಕೂಸಿಗೆ ಏನಾರ ಆದ್ರೆ?"

"ಇಲ್ಲಿದ್ರೆ ಏನಾಗ್ತೈತೆ ಅಂತ ನಂಗೊತ್ತು. ಏಳು."

ಕೂಸನ್ನು ಎತ್ತಿಕೊಂಡೆ, ಇನ್ನೊಂದು ಕೈಯಲ್ಲಿ ಅವಳ ರಟ್ಟೆ ಹಿಡಿದೆ. ಬೇಲಿಯ ಹತ್ತಿರ ಗಂಡಸರು ಸಾಲಾಗಿ ನಿಂತಿದ್ದರು. ಇಲ್ಲೇ ನಮ್ಮನ್ನು ಹೊಡೆದು ಹಾಕುತ್ತಾರೆ ಅಂದುಕೊಂಡೆ. ಆದರೂ ಕಾಲು ನಡೆಯುತ್ತಲೇ ಇದ್ದವು. ಆಮೇಲೆ ಹೊಳೆಯಿತು: ತಡೆಯಬೇಕಾದರೆ ನಮ್ಮನ್ನು ಮುಟ್ಟಬೇಕು, ಮುಟ್ಟಿದರೆ ಅವರಿಗೂ ಮೈಲಿಗೆ! ನಾವು ಹತ್ತಿರವಾದಂತೆ ಪೂಜಾರಪ್ಪನೇ ಮೊದಲು ಹಿಂದಕ್ಕೆ ಜಿಗಿದ, ಉಳಿದವರೂ ಸರಿದರು. ನಮಗೆ ದಾರಿಯಾಯಿತು.

ಅತ್ತೆ ನಮಗಿಂತ ಮೊದಲೇ ಮನೆ ಸೇರಿ ಒಲೆಯ ಮುಂದೆ ಕೂತಿದ್ದಳು. ನಾವು ಹೊಸ್ತಿಲು ದಾಟಿದರೂ ತಿರುಗಲಿಲ್ಲ. ಹೋಗಿ ಅಂತಾಳೋ, ಎದ್ದು ಹೊಡೆಯುತ್ತಾಳೋ, ತಿಳಿಯದೆ ಗೋಡೆಗೆ ಒರಗಿ ನಿಂತೆ. ಕಾಳಕ್ಕ "ಯವ್ವಾ" ಅಂದಳು. ಅಷ್ಟರಲ್ಲಿ ಕೂಸು ಕೆಮ್ಮಿತು, ಒಂದು ಸಲ, ಇನ್ನೊಂದು ಸಲ.

ಅತ್ತೆ ಮುಖ ತಿರುಗಿಸದೆಯೇ ಒಲೆಗೆ ಎರಡು ಕಟ್ಟಿಗೆ ನೂಕಿದಳು.

"ಬಾಗಿಲು ಹಾಕೇ ಮಾರೀ," ಅಂದಳು. "ಕೂಸಿಗೆ ಥಂಡಿ ಬಡೀತೈತೆ."